ಅಮ್ಮಮ್ಮನ ರಿಜಿಸ್ಟರ್‌ನಲ್ಲಿ ತಾರೀಕಿಲ್ಲ

"ಮದುವೆಯ ದಾಖಲೆ ಏನಾದ್ರೂ ಇದೆಯಾ?"

ಕಳೆದ ವರ್ಷ ಅಜ್ಜಯ್ಯ ತೀರಿಕೊಂಡ ಮೇಲೆ ಅವರ ಚಿಕ್ಕದೊಂದು ಠೇವಣಿಯನ್ನು ಅಮ್ಮಮ್ಮನ ಹೆಸರಿಗೆ ಮಾಡಿಸಲು ಹೋದಾಗ ಕೌಂಟರಿನಲ್ಲಿ ಕೇಳಿದ ಪ್ರಶ್ನೆ ಇದು. ಅರವತ್ತು ವರ್ಷಕ್ಕೂ ಮೀರಿದ ಸಂಸಾರ, ಐದು ಮಕ್ಕಳು. ಕಾಗದ ಮಾತ್ರ ಒಂದೂ ಇಲ್ಲ. ವಾಪಸ್ ಬರುವಾಗ ರಿಕ್ಷಾದಲ್ಲಿ ಅಮ್ಮಮ್ಮ ಮೆಲ್ಲಗೆ ಕೇಳಿದ್ರು, "ನಾನ್ ಅವ್ರ ಹೆಂಡ್ತಿ ಅಲ್ದಾ ಮಗಾ?"

ನನಗೆ ಉತ್ತರ ಬರಲಿಲ್ಲ.

ಕುಂದಾಪುರದ ನನ್ನ ಕ್ರಿಶ್ಚಿಯನ್ ಗೆಳೆಯನಿಗೆ ಈ ಕಷ್ಟ ಬಂದಿರಲಿಲ್ಲ. ಅವನ ಅಜ್ಜ-ಅಜ್ಜಿಯ ಮದುವೆ ಇಗರ್ಜಿಯ ಪುಸ್ತಕದಲ್ಲಿತ್ತು: ತಾರೀಕು, ಸಾಕ್ಷಿ, ಸಹಿ ಎಲ್ಲ. ಅಲ್ಲಿನ ರೊಜಾರಿ ಮಾತೆಯ ಇಗರ್ಜಿ ಶುರುವಾದದ್ದೇ 1570ರಲ್ಲಿ. ಇಂಗ್ಲೆಂಡಿನಲ್ಲಂತೂ ಪ್ರತಿ ಹಳ್ಳಿಯ ಚರ್ಚೂ ಮದುವೆ ಬರೆದಿಡಬೇಕು ಎಂಬ ಆಜ್ಞೆ 1538ರಲ್ಲೇ ಬಂದಿತ್ತು. ನಮ್ಮಲ್ಲಿ 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ನೋಂದಣಿಗೆ ಅವಕಾಶವಿದ್ದರೂ ಊರಲ್ಲಿ ಯಾರು ಮಾಡಿಸ್ತಿದ್ರು? ಎಲ್ಲ ಮದುವೆಗಳೂ ನೋಂದಣಿಯಾಗಲಿ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2006ರಲ್ಲಿ.

ಆ ರಾತ್ರಿ ಬೈಂದೂರಿನ ಮನೆಯ ಜಗಲಿಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತೆ. "ಮದುವೆ ಯಾವತ್ತು ಅಮ್ಮಮ್ಮ?"

"ತಾರೀಕ್ ಯಾರಿಗ್ ಗೊತ್ತಿತ್ತ್? ಮಳಿ ಹಿಡುಕೆ ಮುಂಚೆ. ಆ ವರ್ಷದ ಕೊಡಿ ಹಬ್ಬಕ್ಕೆ ಅಜ್ಜಯ್ಯ ಕಬ್ಬ್ ತೆಗ್ದ್ ಕೊಟ್ಟಿರ್."

ಕೋಟೇಶ್ವರದ ಕೊಡಿ ಹಬ್ಬಕ್ಕೆ ಹೊಸ ಜೋಡಿಗಳು ಹೋಗಿ ಕಬ್ಬು ತರೋದು ನಮ್ಮ ಕಡೆಯ ಪದ್ಧತಿ. ತಾರೀಕಿನ ಕಾಲಂ ಖಾಲಿ ಬಿಟ್ಟು ಊರಿನ ಕಾಲಂ ತುಂಬತೊಡಗಿದೆ.

ಅಮ್ಮಮ್ಮನ ತವರು ಬ್ರಹ್ಮಾವರದ ಹತ್ತಿರ. ಮಾಬುಕಳದಲ್ಲಿ ಸೀತಾ ನದಿ ದಾಟಬೇಕು. ಕುಂದಾಪುರ ದಾಟಿದರೆ ಸೌಪರ್ಣಿಕಾ, ವಾರಾಹಿ, ಚಕ್ರಾ, ಕೇದಕ, ಕುಬ್ಜಾ ಸೇರುವ ಪಂಚಗಂಗಾವಳಿ. ಆಮೇಲೆ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ಇರುವ ಮರವಂತೆ. ಈಗ ಕಾರಲ್ಲಿ ಒಂದು ಗಂಟೆಯ ಹಾದಿ. ಆಗ ದಿಬ್ಬಣಕ್ಕೆ ದೋಣಿ ಬೇಕಿತ್ತು. "ಹೊಳಿ ದಾಂಟಿ ಹೆಣ್ಣ್ ಕೊಟ್ರೆ ವರ್ಷಕ್ಕೊಂದ್ ಸಲ ಕಾಂಬುದೂ ಕಷ್ಟ" ಅಂತ ಅಮ್ಮಮ್ಮನ ಅಬ್ಬೆ ಅತ್ತಿದ್ದರಂತೆ. ಮ್ಯಾಪ್‌ನಲ್ಲಿ ಮನೆಗಳನ್ನು ಗುರುತಿಸುತ್ತ ಹೋದಂತೆ ಹೆಚ್ಚಿನ ಹೆಣ್ಣುಮಕ್ಕಳು ಹೊಳೆಯ ಇತ್ತಬದಿಗೇ ಮದುವೆಯಾದದ್ದು ಕಂಡಿತು. ನಮ್ಮ ಕುಟುಂಬದ ಗಡಿ ಎಳೆದದ್ದು ಹೊಳೆ.

ಆದರೆ ಅಮ್ಮಮ್ಮ ತಡೆಯದೆ ಹೇಳಿದ್ದು ಒಂದೇ ವಿಷಯ: ಬಳಿ. ಬಂಟ, ಬಿಲ್ಲವ, ಮೊಗವೀರರಂತಹ ಅಳಿಯಕಟ್ಟಿನ ಮನೆಗಳಲ್ಲಿ ಬಳಿ ಬರೋದು ತಾಯಿಯಿಂದ. ಒಂದೇ ಬಳಿಯವರು ಮದುವೆಯಾಗುವ ಹಾಗಿಲ್ಲ. ಹಾಗಾಗಿ ಯಾರ ಮಗಳು ಯಾರು ಅನ್ನೋದು ನೆನಪಿರಲೇಬೇಕು. ಅಬ್ಬೆ, ಅವರ ಅಬ್ಬೆ, ಅವರ ಅಬ್ಬೆ ಅಂತ ಆರು ತಲೆಮಾರಿನ ಹೆಂಗಸರ ಹೆಸರು, ಮನೆ ಹೆಸರಿನ ಜೊತೆ ಬಂತು.

ಆಮೇಲೆ ಓದಿ ಆಶ್ಚರ್ಯಪಟ್ಟೆ. ಅಷ್ಟು ಅಚ್ಚುಕಟ್ಟಾದ ಇಂಗ್ಲೆಂಡಿನ ಮದುವೆ ರಿಜಿಸ್ಟರಿನಲ್ಲಿ 1837ರಿಂದ ವಧೂವರರ ತಂದೆಯ ಹೆಸರಿಗಷ್ಟೇ ಜಾಗ. ತಾಯಿಯ ಹೆಸರು ಸೇರಿದ್ದು 2021ರ ಮೇ ತಿಂಗಳಲ್ಲಿ! ನಮ್ಮಮ್ಮಮ್ಮನ ರಿಜಿಸ್ಟರಿನಲ್ಲಿ ತಾಯಂದಿರೇ ತುಂಬಿದ್ದಾರೆ. ತಾರೀಕು, ಸಹಿ ಮಾತ್ರ ಇಲ್ಲ. ಮತ್ತೆ, ಅದಕ್ಕೆ ಬ್ಯಾಕಪ್ಪೂ ಇರಲಿಲ್ಲ.

ಠೇವಣಿಯ ಕೆಲಸ ಕೊನೆಗೆ ವಂಶವೃಕ್ಷ, ಅಫಿಡವಿಟ್ ಮತ್ತು ಇಬ್ಬರು ಹಿರಿಯರ ಸಾಕ್ಷಿಯಿಂದ ಆಯಿತು. ಅವರಲ್ಲೊಬ್ಬರು ಆ ದಿಬ್ಬಣದ ದೋಣಿಯಲ್ಲಿ ಕೂತಿದ್ದ ಹುಡುಗ, ಈಗ ಎಪ್ಪತ್ತೈದು ದಾಟಿದವರು. ಸಹಿ ಹಾಕಿ, "ಮದ್ಮಗಳು ದೋಣಿಲಿ ಹೆದ್ರಿ ನನ್ ಕೈ ಹಿಡ್ಕಂಡಿರ್" ಅಂದ್ರು. ಅಜ್ಜಯ್ಯ ಹೋದ ಮೇಲೆ ಅಮ್ಮಮ್ಮ ಮೊದಲ ಸಲ ನಕ್ಕಿದ್ದು ಅವತ್ತು.

ಅಪ್ಪ-ಅಮ್ಮನ ಮದುವೆಯೂ ನೋಂದಣಿಯಾಗಿರಲಿಲ್ಲ. ಮೊನ್ನೆ ಮಾಡಿಸಿದೆ. ನಿಮ್ಮ ಮನೆಯಲ್ಲೂ ಒಮ್ಮೆ ವಿಚಾರಿಸಿ. ಈ ಸಲ ಊರಿಗೆ ಹೋದಾಗ ಅಜ್ಜಿಯ ಹತ್ತಿರ ಕೂತು ಮೊಬೈಲಿನಲ್ಲಿ ರೆಕಾರ್ಡಿಂಗ್ ಆನ್ ಮಾಡಿ, ಅವರ ಅಬ್ಬೆಯ ಹೆಸರಿನಿಂದ ಶುರು ಮಾಡಿ. ತಾರೀಕು ಕೇಳಬೇಡಿ, ಯಾವ ಹೊಳೆ ದಾಟಿ ಬಂದ್ರಿ ಅಂತ ಕೇಳಿ.