ತಲೆಯ ಬಳಿ ನಿಂತವರು

ನಿಮ್ಮಲ್ಲಿ ಯಾರಾದರೂ ಆಪರೇಷನ್ ಮಾಡಿಸಿಕೊಂಡಿದ್ದರೆ ಒಮ್ಮೆ ನೆನಪಿಸಿಕೊಳ್ಳಿ. ಹೊಟ್ಟೆ ಕೊಯ್ದು ಹೊಲಿದ ಡಾಕ್ಟರ ಹೆಸರು ನಿಮಗೆ ಖಂಡಿತ ಗೊತ್ತಿರುತ್ತದೆ. ನಿಮ್ಮನ್ನು ಮಲಗಿಸಿ, ಮತ್ತೆ ಎಬ್ಬಿಸಿದವರ ಹೆಸರು?

ನನಗಂತೂ ಗೊತ್ತಿರಲಿಲ್ಲ. 2012ರಲ್ಲಿ ಶಿವಮೊಗ್ಗದ ಒಂದು ನರ್ಸಿಂಗ್ ಹೋಮಿನಲ್ಲಿ ನನಗೆ ಪಿತ್ತಕೋಶದ ಆಪರೇಷನ್ ಆಯಿತು. ಮುಖಕ್ಕೆ ಹಸಿರು ಮಾಸ್ಕ್ ಕಟ್ಟಿಕೊಂಡಿದ್ದ ಒಬ್ಬ ಹೆಂಗಸು ನನ್ನ ತಲೆಯ ಬಳಿ ನಿಂತು, "ಎಷ್ಟು ಮಕ್ಕಳಮ್ಮಾ? ದೊಡ್ಡವನ ಹೆಸರೇನು?" ಎಂದು ಕೇಳಿದರು. ಮಗನ ಹೆಸರು ಹೇಳಿದೆನೋ ಇಲ್ಲವೋ, ಮುಂದಿನದು ಗೊತ್ತಿಲ್ಲ. ಎಚ್ಚರವಾದಾಗ ವಾರ್ಡಿನಲ್ಲಿದ್ದೆ. ಡಿಸ್ಚಾರ್ಜ್ ದಿನ ನನ್ನವರು ಸರ್ಜನ್‌ಗೆ ಒಂದು ಕಿಲೋ ಮಿಠಾಯಿ ಕೊಟ್ಟರು. ಆಯಾಗಳಿಗೆ ನೂರು ನೂರು ರೂಪಾಯಿ ಕೊಟ್ಟರು. ಆ ಹೆಂಗಸಿನ ನೆನಪು ನಮಗಿಬ್ಬರಿಗೂ ಬರಲಿಲ್ಲ. ಬಿಲ್ಲಿನಲ್ಲಿ 'ಅನಸ್ತೇಶಿಯಾ ಚಾರ್ಜ್' ಎಂಬ ಒಂದು ಸಾಲಿತ್ತು. ಅದು ಜಾಸ್ತಿಯಾಯಿತೆಂದು ನನ್ನವರು ಗೊಣಗಿದ್ದು ಮಾತ್ರ ನೆನಪಿದೆ.

ಇಂತಹ ಕೆಲಸವನ್ನು ನನ್ನ ತಂಗಿ ಬೇಕೆಂದೇ ಆರಿಸಿಕೊಂಡಳು. ಅವಳು ಡಾಕ್ಟರಲ್ಲ, ನರ್ಸ್.

ಅವಳು ನರ್ಸಿಂಗ್ ಸೇರಿದಾಗಲೇ ಮನೆಯಲ್ಲಿ ರಂಪವಾಗಿತ್ತು. "ರಾತ್ರಿ ಪಾಳಿ, ಗಂಡು ರೋಗಿಗಳು, ನಾಳೆ ಸಂಬಂಧ ಕುದುರುವುದು ಹೇಗೆ?" ಎಂದು ಅಮ್ಮಿ ಅತ್ತಿದ್ದರು. ಅಬ್ಬಾ ಹೆಚ್ಚು ಮಾತನಾಡುವವರಲ್ಲ. ಕಂದಕದ ಯುದ್ಧದಲ್ಲಿ ಗಾಯಗೊಂಡ ಹ. ಸಅದ್ ಬಿನ್ ಮುಆದ್(ರ)ರನ್ನು ಪ್ರವಾದಿವರ್ಯರು(ಸ) ಮಸೀದಿಯಲ್ಲಿದ್ದ ಹ. ರುಫೈದಾ(ರ)ರ ಡೇರೆಗೆ ಕಳುಹಿಸಿದ್ದನ್ನು ಹೇಳಿ, "ಅವರೂ ಹೆಂಗಸೇ ಅಲ್ಲವೇ?" ಎಂದರು. ಮಾತು ಅಲ್ಲಿಗೆ ನಿಂತಿತು. ತಂಗಿ ಕಲಿತಳು, ಕೆಲವು ವರ್ಷ ಸೌದಿಯ ಒಂದು ಆಸ್ಪತ್ರೆಯ ಐಸಿಯುನಲ್ಲಿ ದುಡಿದಳು, ಅಲ್ಲಿಂದಲೇ ಅಮೆರಿಕದ ನರ್ಸಿಂಗ್ ಪರೀಕ್ಷೆ ಪಾಸು ಮಾಡಿ 2015ರಲ್ಲಿ ಗಂಡ, ಮಗಳೊಂದಿಗೆ ಅಯೋವಾ ರಾಜ್ಯಕ್ಕೆ ಹೋದಳು. ಅಲ್ಲೂ ಐಸಿಯು.

ಇಷ್ಟಕ್ಕೇ ನಾವೆಲ್ಲ ಸಂತೋಷವಾಗಿದ್ದೆವು. 2020ರ ಕೊನೆಯಲ್ಲಿ ಒಂದು ದಿನ ಅವಳ ಫೋನ್ ಬಂತು. "ಆಪಾ, ನಾನು ಮತ್ತೆ ಓದಬೇಕೆಂದಿದ್ದೇನೆ. ಮೂರು ವರ್ಷ. ಅನಸ್ತೇಶಿಯಾ."

"ನಿನಗೇನು ತಲೆ ಕೆಟ್ಟಿದೆಯಾ? ಎರಡು ಮಕ್ಕಳ ತಾಯಿ ನೀನು!" ಎಂದು ಚೆನ್ನಾಗಿ ಬೈದೆ. ಅದೂ ಅಲ್ಲದೆ ಅರಿವಳಿಕೆ ಕೊಡುವುದು ಡಾಕ್ಟರ ಕೆಲಸವೆಂದೇ ನಾನು ತಿಳಿದಿದ್ದೆ. ನಮ್ಮಲ್ಲಿ ಅದು ನಿಜ. ಎಂಬಿಬಿಎಸ್ ಆದ ಮೇಲೆ ಅದರಲ್ಲೇ ಮುಂದೆ ಓದಿದವರು ಅರಿವಳಿಕೆ ಕೊಡುತ್ತಾರೆ. ನರ್ಸ್, ಟೆಕ್ನಿಷಿಯನ್‌ಗಳು ನೆರವಾಗುತ್ತಾರೆ. ಅಮೆರಿಕದಲ್ಲಿ ಅದಕ್ಕೆ ಡಾಕ್ಟರೂ ಇದ್ದಾರೆ, ಅದಕ್ಕಾಗಿಯೇ ತರಬೇತಿ ಪಡೆದ ನರ್ಸ್‌ಗಳೂ ಇದ್ದಾರೆ. ಹಳ್ಳಿಗಾಡಿನ ಎಷ್ಟೋ ಸಣ್ಣ ಆಸ್ಪತ್ರೆಗಳಲ್ಲಿ ಅರಿವಳಿಕೆಗೆ ಇರುವುದು ಈ ನರ್ಸ್ ಒಬ್ಬಳೇ. ಡಾಕ್ಟರ ಮೇಲ್ವಿಚಾರಣೆ ಇರಲೇಬೇಕೆಂಬ ಕೇಂದ್ರ ಸರಕಾರದ ನಿಯಮದಿಂದ 2001ರಲ್ಲಿ ಮೊಟ್ಟಮೊದಲು ಹೊರಬಂದದ್ದು ಅವಳಿರುವ ಅಯೋವಾ ರಾಜ್ಯವೇ.

ಸಂಬಳಕ್ಕಾಗಿ ಎಂದು ನೀವು ಹೇಳಬಹುದು. ನಾನೂ ಅದನ್ನೇ ಕೇಳಿದೆ. ಅವಳು ಸುಳ್ಳು ಹೇಳಲಿಲ್ಲ. ಸಾಮಾನ್ಯ ನರ್ಸಿನ ಸಂಬಳದ ಎರಡು ಪಟ್ಟಿಗೂ ಮಿಕ್ಕಿ, ವರ್ಷಕ್ಕೆ 2 ಲಕ್ಷ ಡಾಲರ್ ದಾಟುತ್ತದೆ. "ಬೇಡ ಎನ್ನಲು ನಾನೇನು ಸೂಫಿಯೇ ಆಪಾ?" ಎಂದು ನಕ್ಕಳು. ಆಮೇಲೆ ಬೇರೆಯದನ್ನು ಹೇಳಿದಳು.

ಆ ವರ್ಷ ಏಪ್ರಿಲ್‌ನಲ್ಲಿ ಅಯೋವಾದ ಮಾಂಸದ ಕಾರ್ಖಾನೆಗಳಲ್ಲಿ ಕೊರೋನಾ ಹಬ್ಬಿತ್ತು. ಅಲ್ಲಿ ದುಡಿಯುವವರು ಹೆಚ್ಚಾಗಿ ಹೊರದೇಶಗಳಿಂದ ಬಂದ ಬಡವರು. ಬೋಸ್ನಿಯಾದವರು, ಬರ್ಮಾದವರು, ಮೆಕ್ಸಿಕೋದವರು. ಒಂದು ರಾತ್ರಿ ಇವಳ ಐಸಿಯುಗೆ ಐವತ್ತು ದಾಟಿದ ಒಬ್ಬ ಬೋಸ್ನಿಯನ್ ಬಂದ. ಉಸಿರು ಸಾಲದೆ ಒದ್ದಾಡುತ್ತಿದ್ದ. ಇವಳ ತಲೆವಸ್ತ್ರ ನೋಡಿ ಸಲಾಮ್ ಹೇಳಿದನಂತೆ. ಮನೆಯವರನ್ನು ಒಳಗೆ ಬಿಡುವಂತಿಲ್ಲ. ಇವಳು ಆಕ್ಸಿಜನ್ ಹೆಚ್ಚಿಸಿದಳು, ಬೋರಲು ಮಲಗಿಸಿದಳು, ತನಗೆ ಅಧಿಕಾರವಿದ್ದದ್ದನ್ನೆಲ್ಲ ಮಾಡಿದಳು. ಮುಂದಿನದಕ್ಕೆ ಫೋನ್ ಮಾಡಿ ಕಾಯಬೇಕಿತ್ತು. ಗಂಟಲಿಗೆ ಟ್ಯೂಬ್ ಹಾಕಲು ಬಂದವಳು ಒಬ್ಬ ನರ್ಸ್, ಅರಿವಳಿಕೆಯ ನರ್ಸ್. ಅವಳು ನೇರವಾಗಿ ಆತನ ತಲೆಯ ಬಳಿ ಹೋಗಿ ನಿಂತಳು. ಔಷಧಿ ಕೊಡುವ ಮೊದಲು ಬಾಗಿ, ತಾನು ಇಲ್ಲೇ ಇರುತ್ತೇನೆ ಎಂದು ಅವನ ಕಿವಿಯ ಬಳಿ ಹೇಳಿದಳು. ಇವಳು ಅವನ ಕೈ ಹಿಡಿದು ಕಲಿಮಾ ಹೇಳಿಕೊಟ್ಟಳು. ಒಂದು ನಿಮಿಷದೊಳಗೆ ಟ್ಯೂಬ್ ಒಳಗಿತ್ತು.

ಹನ್ನೊಂದನೆಯ ದಿನ ಆತ ತೀರಿಕೊಂಡ. ಮತ್ತೆ ಎಚ್ಚರವಾಗಲೇ ಇಲ್ಲ.

"ಅವನು ಕೊನೆಗೆ ಕೇಳಿದ ದನಿ ನಮ್ಮಿಬ್ಬರದು ಆಪಾ. ಇಷ್ಟು ವರ್ಷ ನಾನು ಮಂಚದ ಪಕ್ಕದಲ್ಲಿ ನಿಂತು ಬೇರೆಯವರಿಗೆ ಫೋನ್ ಮಾಡಿದೆ. ತಲೆಯ ಬಳಿ ನಿಂತವರು ನಾನಾಗಿರಲಿಲ್ಲ" ಎಂದಳು. ನನಗೆ ಬೈಯಲು ಮತ್ತೆ ಮಾತು ಹೊರಡಲಿಲ್ಲ.

ನರ್ಸ್‌ಗಳ ಕೈಗೆ ಈ ಕೆಲಸ ಬಂದ ಕಥೆಯನ್ನು ಅವಳು ಆಮೇಲೆ ಹೇಳಿದಳು. ನಿಮಗೂ ಹೇಳಬೇಕು. ಈಥರ್, ಕ್ಲೋರೋಫಾರ್ಮ್ ಬಂದ ಹೊಸತರಲ್ಲಿ ಅದನ್ನು ಕೊಡುವುದು ಕೀಳು ಕೆಲಸವೆನಿಸಿತ್ತು. ಯಾರೋ ಕಲಿಯುವ ಹುಡುಗನ ಕೈಗೆ ಬಾಟಲಿ ಕೊಡುತ್ತಿದ್ದರು. ಅವನ ಕಣ್ಣು ರೋಗಿಯ ಮೇಲಿರುತ್ತಿರಲಿಲ್ಲ, ಸರ್ಜನ್ನರ ಕೈಚಳಕದ ಮೇಲಿರುತ್ತಿತ್ತು. ರೋಗಿಗಳು ಸಾಯುತ್ತಿದ್ದರು. ಆಗ ಕೆಲವು ಸರ್ಜನ್ನರು, ಆಪರೇಷನ್ ಕಡೆ ತಿರುಗಿಯೂ ನೋಡದೆ ರೋಗಿಯನ್ನಷ್ಟೇ ನೋಡುವವರು ಬೇಕೆಂದು ನರ್ಸ್‌ಗಳನ್ನು ಕರೆದರು. 1877ರಲ್ಲಿ ಪೆನ್ಸಿಲ್ವೇನಿಯಾದ ಈರಿ ಪಟ್ಟಣದಲ್ಲಿ ಸಿಸ್ಟರ್ ಮೇರಿ ಬರ್ನಾರ್ಡ್ ಎಂಬ ಕ್ರೈಸ್ತ ಸನ್ಯಾಸಿನಿ ಈ ಕೆಲಸಕ್ಕೆ ನಿಂತರು. ಅನಂತರ ಮಿನ್ನೆಸೋಟಾದಲ್ಲಿ ಮೇಯೋ ಸಹೋದರರ ಜೊತೆಗಿದ್ದ ಆಲಿಸ್ ಮಗಾ, ತಾನು ಕೊಟ್ಟ 14,000ಕ್ಕೂ ಹೆಚ್ಚು ಅರಿವಳಿಕೆಗಳ ಲೆಕ್ಕವನ್ನು 1906ರಲ್ಲಿ ಪ್ರಕಟಿಸಿದರು. ಅರಿವಳಿಕೆಯಿಂದ ಒಂದು ಸಾವೂ ಆಗಿರಲಿಲ್ಲ. ರೋಗಿಯೊಡನೆ ಮೆಲ್ಲಗೆ ಮಾತನಾಡುತ್ತಾ ಧೈರ್ಯ ತುಂಬಿ ಮಲಗಿಸುವುದು ಅವರ ರೀತಿ. ಮಾತಿನಿಂದ ಔಷಧಿಯೂ ಕಡಿಮೆ ಸಾಕಾಗುತ್ತಿತ್ತಂತೆ. ನನ್ನ ಮಗನ ಹೆಸರು ಕೇಳಿದ ಆ ಹೆಂಗಸು ಆಗ ನನಗೆ ನೆನಪಾದರು. ಅದು ಬರಿಯ ಹರಟೆಯಲ್ಲವೆಂದು ಅಷ್ಟು ವರ್ಷಗಳ ಮೇಲೆ ತಿಳಿಯಿತು.

ಕರಿಯ ಜನಾಂಗದ ನಾಯಕ ಮಾರ್ಟಿನ್ ಲೂಥರ್ ಕಿಂಗ್ ಅವರಿಗೆ 1958ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಒಬ್ಬಾಕೆ ಎದೆಗೆ ಇರಿದಿದ್ದಳು. ಅವರ ಆಪರೇಷನ್ ನಡೆಯುವಾಗ ಉಸಿರಿನ ಚೀಲವನ್ನು ಕೈಯಾರೆ ಒತ್ತಿದವರು ಗೋಲ್ಡಿ ಬ್ರಾಂಗ್‌ಮನ್ ಎಂಬ ಕರಿಯ ನರ್ಸ್. ಇವರ ಹೆಸರನ್ನು ನಮ್ಮಲ್ಲಿ ಎಷ್ಟು ಜನ ಕೇಳಿದ್ದೇವೆ?

ಓದು ಸುಲಭವಿರಲಿಲ್ಲ. ಐಸಿಯು ಅನುಭವ ಇಲ್ಲದವರನ್ನು ಸೇರಿಸಿಕೊಳ್ಳುವುದೇ ಇಲ್ಲ. 2022ರಿಂದ ಸೇರುವವರೆಲ್ಲ ಡಾಕ್ಟರೇಟ್ ಮಟ್ಟದ ಕೋರ್ಸನ್ನೇ ಓದಬೇಕು. ತಂಗಿಗೆ ಮೊದಲ ಸಲ ಸೀಟು ಸಿಗಲಿಲ್ಲ, 2022ರಲ್ಲಿ ಸಿಕ್ಕಿತು. ಓದುವಾಗ ಕೆಲಸಕ್ಕೆ ಹೋಗಲು ಸಮಯವಿಲ್ಲ, ಸಂಬಳವಿಲ್ಲ. ಅಲ್ಲಿನವರು ಸಾಲ ಮಾಡಿಬಿಡುತ್ತಾರೆ. ಇವಳಿಗೆ ಬಡ್ಡಿಯ ಭಯ. ಅಬ್ಬಾರ ಆಸ್ತಿಯಲ್ಲಿ ಅವಳ ಪಾಲಿಗೆ ಬಂದಿದ್ದ ಭದ್ರಾವತಿಯ ಸೈಟನ್ನು ಮಾರಿದಳು. ಅಮ್ಮಿ ಎರಡು ದಿನ ಊಟ ಮಾಡಲಿಲ್ಲ. ಆ ಹಣ ಮೊದಲ ವರ್ಷದ ಫೀಸಿಗೂ ಸಾಲಲಿಲ್ಲ. ಉಳಿತಾಯ ಹಾಕಿದರು, ಮಸೀದಿಯ ಪರಿಚಯದವರು ಬಡ್ಡಿಯಿಲ್ಲದೆ ಕೈಗಡ ಕೊಟ್ಟರು, ಗೋದಾಮಿನಲ್ಲಿ ಕೆಲಸ ಮಾಡುವ ಅವಳ ಗಂಡ ಎರಡು ಪಾಳಿ ದುಡಿದರು. ಆದರೂ ಕೊನೆಯ ವರ್ಷ ಸ್ವಲ್ಪ ಸಾಲ ಮಾಡಬೇಕಾಯಿತು. ಆ ವಿಷಯ ತೆಗೆದರೆ ಇಂದಿಗೂ ಅವಳ ಮುಖ ಬಾಡುತ್ತದೆ. ಸರಿ ಮಾಡಿದಳೋ ತಪ್ಪು ಮಾಡಿದಳೋ, ನಾನು ತೀರ್ಪು ಹೇಳಲಾರೆ.

ತಲೆವಸ್ತ್ರದ ಚಿಂತೆ ಮಾತ್ರ ಸುಲಭವಾಗಿ ನೀಗಿತು. ಸರ್ಜನ್ನರಂತೆ ಮೊಣಕೈವರೆಗೆ ಉಜ್ಜಿ ತೊಳೆದು ಗಾಯದ ಹತ್ತಿರ ನಿಲ್ಲುವ ಕೆಲಸ ಇದಲ್ಲವಾದ್ದರಿಂದ ಉದ್ದ ತೋಳಿನ ಜಾಕೆಟ್ ತೊಡಬಹುದು. ತಲೆ, ಕತ್ತು ಮುಚ್ಚುವ ದೊಡ್ಡ ಟೋಪಿಯೂ ಸಿಗುತ್ತದೆ.

2023ರಲ್ಲಿ ಮಕ್ಕಳನ್ನು ನೋಡಿಕೊಳ್ಳಲು ನಾನು ಐದು ತಿಂಗಳು ಅಲ್ಲಿದ್ದೆ. ಬೆಳಗ್ಗೆ ನಾಲ್ಕೂವರೆಗೆ ಎದ್ದು ಹೊರಡುವಳು. ಕೋರ್ಸ್ ಮುಗಿಯುವುದರೊಳಗೆ ಕನಿಷ್ಠ 600 ಮಂದಿಗೆ ಅರಿವಳಿಕೆ ಕೊಟ್ಟಿರಬೇಕು. ಸಂಜೆ ಅಡುಗೆ ಮನೆಯಲ್ಲಿ ಮೊಬೈಲಿನಿಂದ ಒಂದು 'ಟಿಕ್ ಟಿಕ್' ಸದ್ದು ಹಾಕಿಕೊಂಡು ಈರುಳ್ಳಿ ಹೆಚ್ಚುತ್ತಿದ್ದಳು. ಆಪರೇಷನ್ ಕೋಣೆಯಲ್ಲಿ ನಾಡಿಯ ಜೊತೆ ಬರುವ ಸದ್ದಂತೆ ಅದು. ರಕ್ತದಲ್ಲಿ ಆಕ್ಸಿಜನ್ ಕಡಿಮೆಯಾದರೆ ಸ್ವರ ತಗ್ಗುತ್ತಾ ಹೋಗುತ್ತದೆ. ನಾನು ಸಾರು ಕಲಕುತ್ತಾ ಏನೋ ಹೇಳುತ್ತಿದ್ದರೆ, "ತಡಿ ಆಪಾ, ಇಳಿಯುತ್ತಿದೆ" ಎಂದು ಚಾಕು ಹಿಡಿದೇ ನಿಂತುಬಿಡುವಳು. ಫ್ರಿಜ್ಜಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದಳು. 'ನಾನು ಇಲ್ಲೇ ಇದ್ದೇನೆ, ಉಸಿರು ಎಳೆದುಕೊಳ್ಳಿ' ಎಂಬುದು ಬೋಸ್ನಿಯನ್, ಸ್ಪ್ಯಾನಿಷ್ ಮತ್ತು ಬರ್ಮಿ ಭಾಷೆಗಳಲ್ಲಿ. ಬರೆದದ್ದು ಮಾತ್ರ ಕನ್ನಡ ಅಕ್ಷರದಲ್ಲಿ.

ಒಂದು ರಾತ್ರಿ ಕೇಳಿದೆ, "ಭಯವಾಗುವುದಿಲ್ಲವೇ? ಒಬ್ಬರ ಉಸಿರನ್ನೇ ನಿಲ್ಲಿಸಿ ನಿನ್ನ ಕೈಗೆ ತೆಗೆದುಕೊಳ್ಳುತ್ತೀಯಲ್ಲ?"

"ದಿನಾ ಆಗುತ್ತದೆ. ಆ ಉಸಿರು ನನ್ನದಲ್ಲ, ಅಮಾನತ್. ವಾಪಸು ಕೊಡುವವರೆಗೆ ನಾನು ಅಲ್ಲಿಂದ ಕದಲುವಂತಿಲ್ಲ" ಎಂದಳು. ಹಿಂದಿನ ದಿನ ಸೊಂಟದ ಆಪರೇಷನ್ ಆದ ಒಬ್ಬ ಮುದುಕ ರೈತನನ್ನು ನೋಡಲು ವಾರ್ಡಿಗೆ ಹೋಗಿದ್ದಳಂತೆ. "ನೀನು ಯಾರಮ್ಮಾ?" ಎಂದು ಕೇಳಿದನಂತೆ. ಮೂರು ಗಂಟೆ ನಿನ್ನ ಜೊತೆಗೇ ಇದ್ದೆ ಎಂದರೆ ನಂಬಲಿಲ್ಲ. ಹೇಳುತ್ತಾ ಅವಳಿಗೆ ನಗು ತಡೆಯಲಾಗಲಿಲ್ಲ.

2025ರಲ್ಲಿ ಕೋರ್ಸ್ ಮುಗಿಸಿ, ಪರೀಕ್ಷೆ ಪಾಸಾಗಿ, ಈಗ ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿದ್ದಾಳೆ. ಹೆರಿಗೆಗೆ ಬರುವ ಮುಸ್ಲಿಂ ಹೆಂಗಸರು ಅವಳನ್ನೇ ಕೇಳುತ್ತಾರಂತೆ.

ಅವಳ ರಿಸಲ್ಟ್ ಬಂದ ವಾರ ನಾನು ಶಿವಮೊಗ್ಗಕ್ಕೆ ಹೋಗಿದ್ದೆ. ಒಂದು ಕಿಲೋ ಮಿಠಾಯಿ ಕಟ್ಟಿಸಿಕೊಂಡು ಆ ನರ್ಸಿಂಗ್ ಹೋಮಿನ ಕೌಂಟರಿನಲ್ಲಿ, 2012ರಲ್ಲಿ ಅನಸ್ತೇಶಿಯಾ ಕೊಡುತ್ತಿದ್ದ ಲೇಡಿ ಡಾಕ್ಟರ್ ಈಗಲೂ ಇದ್ದಾರೆಯೇ ಎಂದು ವಿಚಾರಿಸಿದೆ. ಕೌಂಟರಿನ ಹುಡುಗಿ ನನ್ನನ್ನು ವಿಚಿತ್ರವಾಗಿ ನೋಡಿದಳು. "ಮೇಡಂ ಬೆಳಗ್ಗೆಯಿಂದ ಮೂರು ಕಡೆ ಹೋಗುತ್ತಾರೆ. ಇಲ್ಲಿಗೆ ಬರುವುದು ಎರಡು ಗಂಟೆಗೆ. ನಿಮಗೆ ಏನು ತೊಂದರೆ?"

ತೊಂದರೆ ಏನೂ ಇಲ್ಲಮ್ಮಾ ಎಂದೆ. ಮಿಠಾಯಿ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಬೆಂಚಿನ ಮೇಲೆ ಕುಳಿತೆ.