ಲಕ್ಕಸಂದ್ರದ ಶುಶ್ರೂಷೆ

ಜಯನಗರದ ಪೂರ್ವದ ಬೀದಿಗಳನ್ನು ದಾಟಿ ಹೊಸೂರು ರಸ್ತೆಗೆ ಬಂದರೆ ಲಕ್ಕಸಂದ್ರದ ಬಳಿ ನಿಮ್ಹಾನ್ಸ್ ಸಂಸ್ಥೆಯ ವಿಶಾಲವಾದ ಆವರಣವು ಕಾಣುವುದು. ಪೇಟೆಯಲ್ಲಿದ್ದ ಮಾನಸಿಕ ಆಸ್ಪತ್ರೆಯು 1937ರಲ್ಲಿ ಇಲ್ಲಿಗೆ ಬಂದಿತು. 1954ರಲ್ಲಿ ಬೋಧನಾಸಂಸ್ಥೆಯು ಹುಟ್ಟಿತು. 1974ರಲ್ಲಿ ಎರಡೂ ಒಂದಾದುವು. ಹುಚ್ಚಾಸ್ಪತ್ರೆಯೆಂದು ಮುಖ ತಿರುಗಿಸಿ ನಡೆಯುವವರು ಇನ್ನೂ ಇದ್ದಾರೆ.

ನಮ್ಮ ಗಮನವನ್ನು ಸೆಳೆದುದು ಇಲ್ಲಿಯ ಮನೋವೈದ್ಯಕೀಯ ಸಮಾಜಕಾರ್ಯ ವಿಭಾಗ. 2002ರ ಗುಜರಾತಿನ ಗಲಭೆಯಲ್ಲಿ ಮನೆಮಠಗಳನ್ನೂ ಬಂಧುಗಳನ್ನೂ ಕಳೆದುಕೊಂಡವರಿಗಾಗಿ ಇಲ್ಲಿಯವರು ಕಾರ್ಯಕರ್ತರನ್ನು ತರಬೇತುಗೊಳಿಸಿದರು. ಅದು ಯುದ್ಧವಲ್ಲ, ನಿಜ. ಆದರೆ ನೆರೆಯವನೇ ವೈರಿಯಾದಾಗ ಗಾಯವು ಕಡಮೆಯಾಗುವುದೇ? ಅಷ್ಟು ಜನಕ್ಕೆ ವೈದ್ಯರು ಎಲ್ಲಿಂದ ಬರಬೇಕು? ಆದಕಾರಣ ಊರಿನ ಸಾಮಾನ್ಯರಿಗೇ ಕೆಲಸವನ್ನು ಕಲಿಸುವುದು ಇವರ ಕ್ರಮ.

ಪಾಠವು ಕೇಳಲು ಸುಲಭ, ನಡೆಸಲು ಕಷ್ಟ. ದುಃಖಿತನು ತನ್ನ ಕಥೆಯನ್ನು ತಾನೇ ಹೇಳಲಿ, ನಡುವೆ ಬಾಯಿ ಹಾಕಬಾರದು, ಅಳುವವರನ್ನು ತಡೆಯಬಾರದು, "ಮರೆತುಬಿಡಿ" ಎನ್ನಬಾರದು. ತರುವಾಯ ಕೈಗೊಂದು ಕೆಲಸ, ಜೊತೆಗೆ ನಾಲ್ಕು ಜನ, ಅವರವರ ಪ್ರಾರ್ಥನೆ. ಸಂಸ್ಕೃತದಲ್ಲಿ 'ಶುಶ್ರೂಷಾ' ಎಂಬುದಕ್ಕೆ ಮೊದಲ ಅರ್ಥವು ಕೇಳುವ ಇಚ್ಛೆ, ಸೇವೆಯೆಂಬುದು ಅನಂತರದ್ದು. ಸಾವಿನ ಮನೆಗೆ ಹೋಗಿ ಉಪದೇಶದ ಗಂಟನ್ನು ಬಿಚ್ಚುವ ನಮ್ಮವರು ಇದನ್ನು ಬಲ್ಲರೆ?

2004ರ ಡಿಸೆಂಬರಿನ ಸುನಾಮಿಯ ಮೇಲೆ ಇದೇ ಪಾಠವು ತಮಿಳುನಾಡಿನ ಕರಾವಳಿಗೂ ಅಂಡಮಾನಿಗೂ ಹೋಯಿತು.