ಶುಕ್ರವಾರದ ಜನ, ಶನಿವಾರದ ರಾತ್ರಿ

ಶಿವರಾತ್ರಿಯ ಜಾಗರಣೆ ಮುಗಿದ ವಾರದೊಳಗೆ ನಮ್ಮ ಬೂದಿ ಬುಧವಾರ ಬಂದುಬಿಡುತ್ತದೆ. ಅಧಿಕಮಾಸದ ದೆಸೆಯಿಂದ ಕೆಲವು ವರ್ಷ ಈ ನಂಟು ತಪ್ಪುವುದುಂಟು, ಆದರೆ ಬಹುಪಾಲು ವರ್ಷಗಳಲ್ಲಿ ಎರಡೂ ಒಂದರ ಬೆನ್ನಿಗೆ ಇನ್ನೊಂದು. 2026ರಲ್ಲಿ ಶಿವರಾತ್ರಿ ಫೆಬ್ರವರಿ 15ಕ್ಕೆ, ಬೂದಿ ಬುಧವಾರ 18ಕ್ಕೆ. ಮಾರ್ಚ್ 21ರಂದು ಅಥವಾ ಆಮೇಲೆ ಬರುವ ಹುಣ್ಣಿಮೆ ಕಳೆದ ಮೊದಲ ಭಾನುವಾರ ಪಾಸ್ಖ (ಈಸ್ಟರ್) ಹಬ್ಬ. ಅಲ್ಲಿಂದ 46 ದಿನ ಹಿಂದಕ್ಕೆ ಎಣಿಸಿದರೆ ಬೂದಿ ಬುಧವಾರ. ನಡುವಿನ ಆರು ಭಾನುವಾರಗಳನ್ನು ಬಿಟ್ಟರೆ ಉಳಿಯುವುದು ತಪಸ್ಸುಕಾಲದ 40 ದಿನ. ಚಂದ್ರನನ್ನು ನಂಬಿದ ಈ ಲೆಕ್ಕದಿಂದಾಗಿ ಕನ್ನಡನಾಡಿನ ಕ್ರೈಸ್ತರ ತಪಸ್ಸುಕಾಲ ಶಿವರಾತ್ರಿಯ ಕೊನೆಯ ಚಳಿಯಲ್ಲಿ ಶುರುವಾಗಿ, ಯುಗಾದಿಯ ಬೇವಿನ ಹೂವನ್ನು ದಾಟಿ, ಮಾವಿನಕಾಯಿ ಬಲಿಯುವ ಹೊತ್ತಿಗೆ ಮುಗಿಯುತ್ತದೆ. ಹೊಲದಲ್ಲಿ ಕೆಲಸ ಕಡಿಮೆ, ಬಾವಿಯಲ್ಲಿ ನೀರು ಕಡಿಮೆ, ಹಗಲು ಉದ್ದ. ಉಪವಾಸಕ್ಕೆ ಇದಕ್ಕಿಂತ ತಕ್ಕ ಕಾಲ ಇರಲಾರದು ಎಂದು ನನಗೆ ಯಾವಾಗಲೂ ಅನಿಸಿದೆ.

ಹಣೆಗೆ ಹಚ್ಚುವ ಬೂದಿ ಅಂಗಡಿಯಿಂದ ಬರುವುದಿಲ್ಲ. ಹಿಂದಿನ ವರ್ಷದ ಗರಿಗಳ ಭಾನುವಾರ ಮಂತ್ರಿಸಿ ಕೊಟ್ಟ ಗರಿಗಳನ್ನು ಪ್ರತಿ ಮನೆಯವರೂ ಶಿಲುಬೆಯಂತೆ ಹೆಣೆದು ದೇವರ ಪಟದ ಹಿಂದೆಯೋ ಬಾಗಿಲ ಮೇಲೆಯೋ ಸಿಕ್ಕಿಸಿರುತ್ತಾರೆ. ವರ್ಷವಿಡೀ ಅಡುಗೆಮನೆಯ ಹೊಗೆ ಕುಡಿದು ಅವು ಕಂದು ಬಣ್ಣಕ್ಕೆ ತಿರುಗಿರುತ್ತವೆ. ತಪಸ್ಸುಕಾಲಕ್ಕೆ ಮುಂಚಿನ ಭಾನುವಾರ ಅವನ್ನೆಲ್ಲ ದೇವಾಲಯಕ್ಕೆ ತಂದು ಒಪ್ಪಿಸಬೇಕು. ಉಪದೇಶಿ ಮಾಮ ಅವನ್ನು ಹಳೆಯ ಬಾಣಲೆಯಲ್ಲಿ ಹಾಕಿ ಬೆಂಕಿ ಕೊಡುತ್ತಾರೆ. ಒಣಗಿದ ಗರಿ ಚಟಪಟನೆ ಉರಿದು ಕ್ಷಣದಲ್ಲಿ ಕಪ್ಪಗೆ ಮುದುಡುತ್ತದೆ. ಅದನ್ನು ಕಲ್ಲಿನಲ್ಲಿ ಅರೆದು ತೆಳು ಬಟ್ಟೆಯಲ್ಲಿ ಸೋಸಿದರೆ ಇಡೀ ಊರಿನ ಗರಿಗಳಿಂದ ಸಿಗುವುದು ಒಂದು ಬಟ್ಟಲು ಬೂದಿ. ಯಾರ ಮನೆಯ ಗರಿ ಯಾರ ಹಣೆಗೆ ಬಂತೆಂದು ಹೇಳುವಂತಿಲ್ಲ. ಮಾತು ಬಿಟ್ಟ ದಾಯಾದಿಗಳ ಮನೆಯ ಗರಿಯೂ ಅದರಲ್ಲೇ ಬೆರೆತಿರುತ್ತದೆ. ಮಣ್ಣಿನಿಂದ ಬಂದವರು ಮಣ್ಣಿಗೇ ಹೋಗುವವರು ಎಂಬ ನೆನಪು ಕೊಡುತ್ತ ಗುರುಗಳು ಹಣೆಗೆ ಹೆಬ್ಬೆಟ್ಟು ಒತ್ತುವಾಗ, ಆ ಮಾತು ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ತಟ್ಟಿದರೂ ಬೂದಿ ಮಾತ್ರ ಎಲ್ಲರದೂ.

ನಮ್ಮ ಹಿರಿಯರು ತಪಸ್ಸುಕಾಲದ ವ್ರತವನ್ನು ಉಪವಾಸ ಎನ್ನುತ್ತಿರಲಿಲ್ಲ, ಒಪ್ಪೊತ್ತು ಎನ್ನುತ್ತಿದ್ದರು. ಈಗ ಧರ್ಮಸಭೆಯ ಕಟ್ಟಳೆ ಬಹಳ ಸಡಿಲ. ಕಡ್ಡಾಯ ಉಪವಾಸ ಬೂದಿ ಬುಧವಾರ ಮತ್ತು ಶುಭ ಶುಕ್ರವಾರ ಎರಡೇ ದಿನ, ಅದೂ 18 ತುಂಬಿದವರಿಗೆ, 59 ತುಂಬುವವರೆಗೆ. ಅದರ ಜೊತೆಗೆ 14 ತುಂಬಿದ ಎಲ್ಲರೂ ತಪಸ್ಸುಕಾಲದ ಶುಕ್ರವಾರಗಳಂದು ಮಾಂಸ ಬಿಡಬೇಕು. ನಮ್ಮ ಅಜ್ಜಿಗೆ ಈ ರಿಯಾಯಿತಿ ಯಾವುದೂ ಬೇಕಿರಲಿಲ್ಲ. ವಯಸ್ಸು ಎಪ್ಪತ್ತು ದಾಟಿದ ಮೇಲೂ ಮಧ್ಯಾಹ್ನ ಒಂದೇ ಊಟ. ಬಸ್ಸಾರು, ಮುದ್ದೆ, ಹುರುಳಿಕಾಳು. ಬಾಡಿನ ಮಡಕೆಯನ್ನು ತೊಳೆದು ಅಟ್ಟದ ಮೇಲೆ ಬೋರಲು ಹಾಕಿದರೆ ಮತ್ತೆ ಇಳಿಸುತ್ತಿದ್ದುದು ಪಾಸ್ಖ ಹಬ್ಬಕ್ಕೆ.

ನಡುವೆ ಯುಗಾದಿ ಬರುತ್ತಿತ್ತು. ಯುಗಾದಿಯ ಮರುದಿನ ಹೊಸತೊಡಕು, ಊರಿಗೆ ಊರೇ ಬಾಡೂಟದ ಘಮ. ಪಕ್ಕದ ಮನೆಯ ಗೌಡರ ಮಡದಿ ಗೋಡೆಯ ಆಚೆಯಿಂದ ಅಜ್ಜಿಯನ್ನು ಕೇಳುತ್ತಿದ್ದರು, “ಏನಮ್ಮಣ್ಣಿ, ನಿಮ್ಮ ಒಪ್ಪೊತ್ತು ಇನ್ನೂ ಎಷ್ಟು ದಿನ?” ಅಜ್ಜಿ ಬೆರಳು ಮಡಿಸಿ ಲೆಕ್ಕ ಹೇಳುತ್ತಿದ್ದರು. ಹಿಂದಿನ ದಿನ ಒಬ್ಬಟ್ಟು, ಬೇವುಬೆಲ್ಲ ತಂದುಕೊಟ್ಟ ಆ ತಾಯಿ ಹೊಸತೊಡಕಿನ ದಿನ ನಮ್ಮ ಮನೆಯ ಕಡೆ ಪಾತ್ರೆ ಹಿಡಿದು ಬರುತ್ತಿರಲಿಲ್ಲ. ನಮ್ಮ ಮಕ್ಕಳ ಮೂಗಿಗೆ ವಾಸನೆ ಬಡಿದು ಆಸೆಯಾಗಬಾರದೆಂದು ಅಡುಗೆಯನ್ನು ಹಿತ್ತಲಿನ ಒಲೆಯ ಬದಲು ಮುಂದಿನ ಪಡಸಾಲೆಯ ಕಡೆಗೇ ಹೂಡುತ್ತಿದ್ದರು. ಹದಿನೈದಿಪ್ಪತ್ತು ದಿನ ಕಳೆದು ನಮ್ಮ ಹಬ್ಬ ಬಂದಾಗ ಮೊದಲ ತಟ್ಟೆ ಹೋಗುತ್ತಿದ್ದುದು ಅವರ ಮನೆಗೇ. 17ನೇ ಶತಮಾನದ ನಡುಭಾಗದಲ್ಲಿ ಇಟಲಿಯ ಜೆಸ್ವಿತ್ ಗುರು ಲಿಯೊನಾರ್ಡೊ ಚಿನ್ನಮಿ ಶ್ರೀರಂಗಪಟ್ಟಣಕ್ಕೆ ಬಂದು, ಕನ್ನಡ ಕಲಿತು, ಈ ಸೀಮೆಯಲ್ಲಿ ಶುಭಸಂದೇಶ ಸಾರಿದ ಕಾಲದಿಂದ ಇಲ್ಲಿಯವರೆಗೆ ಮೈಸೂರು ಸೀಮೆಯ ಕ್ರೈಸ್ತರು ಬಾಳಿದ್ದು ಇಂಥ ನೆರೆಹೊರೆಯ ನಡುವೆ.

ತಪಸ್ಸುಕಾಲದಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದುದು ಶುಕ್ರವಾರದ ಶಿಲುಬೆಹಾದಿ. ದೇವಾಲಯದ ಗೋಡೆಯ ಮೇಲೆ 14 ಸ್ಥಳಗಳ ಚಿತ್ರಗಳಿರುತ್ತವೆ ನಿಜ, ಆದರೆ ನಮ್ಮಲ್ಲಿ ಅದು ಬೀದಿಗಿಳಿಯುತ್ತದೆ. ಒಂದೊಂದು ಸ್ಥಳಕ್ಕೆ ಒಂದೊಂದು ಮನೆ. ಆ ಮನೆಯವರು ಅಂಗಳ ಸಾರಿಸಿ, ಸ್ಟೂಲಿನ ಮೇಲೆ ಬಿಳಿ ಬಟ್ಟೆ ಹಾಸಿ, ಎರಡು ಮೇಣದಬತ್ತಿ ಹಚ್ಚಿ ಕಾಯುತ್ತಾರೆ. ಯಾರ ಮನೆಯಲ್ಲಿ ಆ ವರ್ಷ ಸಾವಾಗಿದೆಯೋ ಅವರು ತಾಯಿ ಮಗನನ್ನು ಸಂಧಿಸುವ ನಾಲ್ಕನೆಯ ಸ್ಥಳವನ್ನು ಕೇಳಿ ಪಡೆಯುವುದುಂಟು. ಮಗನನ್ನು ಕಳೆದುಕೊಂಡ ಹೆಂಗಸೊಬ್ಬರು ತಮ್ಮ ಅಂಗಳದಲ್ಲಿ ಆ ಪ್ರಾರ್ಥನೆಯನ್ನು ತಾವೇ ಓದಿದ್ದನ್ನು ಕೇಳಿದ್ದೇನೆ. ಅರ್ಧಕ್ಕೆ ದನಿ ನಿಂತಿತು. ಸುತ್ತ ನಿಂತವರು ಉಳಿದರ್ಧವನ್ನು ಬಾಯಿಪಾಠದಿಂದ ಹೇಳಿ ಮುಗಿಸಿದರು. ಯಾರೂ ಸಮಾಧಾನದ ಮಾತಾಡಲಿಲ್ಲ. ಮುಂದಿನ ಸ್ಥಳಕ್ಕೆ ಹೊರಟಾಗ ಆಕೆಯ ಕೈ ಹಿಡಿದುಕೊಂಡು ಇಬ್ಬರು ಜೊತೆಗೆ ನಡೆದರು. ಧರ್ಮಕೇಂದ್ರ ಎಂಬುದೊಂದು ಇರಬೇಕಾದ್ದು ಇದಕ್ಕಾಗಿ.

ದಾನವೂ ಹೀಗೆ ಜೊತೆಗೂಡಿಯೇ ನಡೆಯುತ್ತದೆ. ಫ್ರೆಡರಿಕ್ ಒಜಾನಂ ಎಂಬ ಇಪ್ಪತ್ತರ ತರುಣ 1833ರಲ್ಲಿ ಪ್ಯಾರಿಸ್ಸಿನಲ್ಲಿ ಗೆಳೆಯರೊಡನೆ ಕಟ್ಟಿದ ಸಂತ ವಿನ್ಸೆಂಟ್ ದೆ ಪೌಲ್ ಸಭೆಯ ಶಾಖೆ ನಮ್ಮ ಎಷ್ಟೋ ಧರ್ಮಕೇಂದ್ರಗಳಲ್ಲಿದೆ. ಸದಸ್ಯರು ಬಡವರ ಮನೆಗೆ ತಾವೇ ಹೋಗಬೇಕು, ಕೂತು ಮಾತಾಡಬೇಕು, ಅಕ್ಕಿಬೇಳೆ ಆಮೇಲೆ. ಧರ್ಮಸಭೆಯ ಸೇವಾಸಂಸ್ಥೆ ಕಾರಿತಾಸ್ ಇಂಡಿಯಾದ ತಪಸ್ಸುಕಾಲದ ಲಕೋಟೆ ಮನೆಮನೆಗೂ ಬರುತ್ತದೆ. ಬಿಟ್ಟ ಮಾಂಸದ, ಬಿಟ್ಟ ಸಿನಿಮಾದ ದುಡ್ಡು ಅದಕ್ಕೆ ಬೀಳಬೇಕು. ತನ್ನ ಬಾಯಿಂದ ಉಳಿಸಿದ್ದು ಇನ್ನೊಬ್ಬರ ತಟ್ಟೆಗೆ ಹೋಗದಿದ್ದರೆ ಒಪ್ಪೊತ್ತು ವ್ರತವಾಗುವುದಿಲ್ಲ, ಬರಿಯ ಪಥ್ಯವಾಗುತ್ತದೆ.

ಪವಿತ್ರ ಗುರುವಾರ ಸಂಜೆಯ ಬಲಿಪೂಜೆಯಲ್ಲಿ ಗುರುಗಳು ಹನ್ನೆರಡು ಜನರ ಪಾದ ತೊಳೆಯುತ್ತಾರೆ. ತಲೆತಲಾಂತರದಿಂದ ಆ ಬೆಂಚಿನಲ್ಲಿ ಗಂಡಸರಷ್ಟೇ ಕೂರುತ್ತಿದ್ದರು. 2016ರ ಜನವರಿಯಲ್ಲಿ ಪೋಪ್ ಫ್ರಾನ್ಸಿಸರು ನಿಯಮ ಬದಲಿಸಿದ ಮೇಲೆ ಹೆಂಗಸರಿಗೂ ಜಾಗ ಬಂತು. ಜೀವಮಾನವೆಲ್ಲ ಕಳೆ ಕಿತ್ತು ಹಿಮ್ಮಡಿ ಬಿರಿದ ಹೆಂಗಸಿನ ಪಾದದ ಮುಂದೆ ಗುರುಗಳು ಮಂಡಿಯೂರಿದಾಗ ಆಕೆ ಸಂಕೋಚದಿಂದ ಕಾಲು ಹಿಂದಕ್ಕೆ ಎಳೆದುಕೊಳ್ಳುವುದನ್ನು ನೋಡಬೇಕು. ಪೇತ್ರನೂ ಹೀಗೇ ಬೇಡವೆಂದಿದ್ದ ಎಂದು ನಮ್ಮ ಶುಭಸಂದೇಶ ಹೇಳುತ್ತದೆ. ಅದೇ ಪೂಜೆಯಲ್ಲಿ ಮಹಿಮೆಯ ಗೀತೆಗೆ ಕೊನೆಯ ಬಾರಿ ಬಾರಿಸಿದ ಗಂಟೆ ಆಮೇಲೆ ಮೂಕವಾಗುತ್ತದೆ. ಅದರ ಬದಲಿಗೆ ಹಿಡಿಯಷ್ಟಗಲದ ಮರದ ಹಲಗೆಗೆ ಬಡಿಯುತ್ತಾರೆ. ಒಣ ಮರದ ಆ ಸದ್ದಿಗೆ ಅನುರಣನವಿಲ್ಲ. ಬಡಿದಲ್ಲೇ ಸತ್ತುಹೋಗುತ್ತದೆ.

ಇನ್ನು ಶುಭ ಶುಕ್ರವಾರ. ಅಂದು ಬೆಂಗಳೂರಿನ ಬಸ್ಸುಗಳಿಂದ ಇಳಿಯುವ ಜನರನ್ನು ನೋಡಿದರೆ ಊರು ಬಿಟ್ಟವರೆಲ್ಲ ಒಮ್ಮೆಗೇ ಮರಳಿದಂತಿರುತ್ತದೆ. ಕನಕಪುರ ತಾಲ್ಲೂಕಿನ ಹಾರೋಬೆಲೆಯಲ್ಲಿ ಯೇಸುವಿನ ಪಾಡುಗಳನ್ನು ಊರಿನವರೇ ವೇಷ ಕಟ್ಟಿ ಆಡಿ ತೋರಿಸುವ ಸಂಪ್ರದಾಯ ತಲೆಮಾರುಗಳಿಂದ ನಡೆದುಬಂದಿದೆ. ಅಲ್ಲಿನ ಕಪಾಲಬೆಟ್ಟಕ್ಕೆ ಜನ ಬಿಸಿಲನ್ನು ಲೆಕ್ಕಿಸದೆ ಹತ್ತುತ್ತಾರೆ. ನಮ್ಮಂಥ ಸಣ್ಣ ಊರುಗಳಲ್ಲೂ ಮೂರು ಗಂಟೆಯ ಆರಾಧನೆಗೆ ದೇವಾಲಯದ ಒಳಗೆ ಕಾಲಿಡಲು ಜಾಗವಿರುವುದಿಲ್ಲ, ಪಡಸಾಲೆ ತುಂಬಿ ಹುಣಸೆಮರದ ನೆರಳಿನವರೆಗೂ ಜನ. ಶಿಲುಬೆಗೆ ಮುತ್ತಿಡುವ ಸಾಲು ಕರಗುವುದಕ್ಕೇ ಎಷ್ಟೋ ಹೊತ್ತು ಬೇಕು. ಮುಗಿದ ಮೇಲೆ ಕೊಪ್ಪರಿಗೆಯಲ್ಲಿ ಕಾದ ಗಂಜಿ, ಮಾವಿನಕಾಯಿ ಉಪ್ಪಿನಕಾಯಿ, ನೀರುಮಜ್ಜಿಗೆ. ವರ್ಷವಿಡೀ ದೇವಾಲಯದ ಕಡೆ ತಲೆ ಹಾಕದವರೂ ಅಂದು ನೆಲದ ಮೇಲೆ ಕೂತು ಗಂಜಿ ಕುಡಿಯುತ್ತಾರೆ.

ಮರುದಿನ ರಾತ್ರಿ ಅದೇ ದೇವಾಲಯದಲ್ಲಿ ಅರ್ಧ ಬೆಂಚುಗಳು ಖಾಲಿ. ಶುಕ್ರವಾರ ಬಂದವರಲ್ಲಿ ಅನೇಕರು ಶನಿವಾರ ಬೆಳಗಿನ ಬಸ್ಸಿಗೇ ಹೊರಟಿರುತ್ತಾರೆ. ಉಳಿದವರು ಭಾನುವಾರ ಬೆಳಿಗ್ಗೆಯ ಪೂಜೆಗೆ ಬಂದರಾಯಿತು, ಮಾಂಸದ ಅಂಗಡಿಯ ಸಾಲಿಗೂ ನಿಲ್ಲಬೇಕಲ್ಲ ಎನ್ನುತ್ತಾರೆ. ಹಬ್ಬಗಳಿಗೆಲ್ಲ ತಾಯಿಯಾದ ಪಾಸ್ಖ ಜಾಗರಣೆಗೆ ಸೇರುವುದು ಮುಂದಿನ ಸಾಲುಗಳ ವಯಸ್ಸಾದ ಹೆಂಗಸರು, ಗಾಯನವೃಂದ, ಪೂಜೆಗೆ ನೆರವಾಗುವ ಹುಡುಗರು, ಅವರ ಮನೆಯವರು. ಇದು ನನ್ನನ್ನು ಬಹುಕಾಲ ಕಾಡಿದೆ. ಅಳುವುದಕ್ಕೆ ಸೇರುವ ನಾವು ಸಂತೋಷಪಡುವುದಕ್ಕೆ ಯಾಕೆ ಸೇರುವುದಿಲ್ಲ?

ಜನರ ಬದುಕಿಗೆ ಶುಕ್ರವಾರ ಹತ್ತಿರ ಎಂಬುದು ಒಂದು ಉತ್ತರ. ಸಾಲ, ಬರಗಾಲ, ಅನ್ಯಾಯದ ತೀರ್ಪು, ಮಗನ ಹೆಣದ ಮುಂದೆ ಕೂತ ತಾಯಿ, ಇವು ಯಾರಿಗೂ ವಿವರಿಸಿ ಹೇಳಬೇಕಾದವಲ್ಲ. ಆದರೆ ಇನ್ನೊಂದು ಕಾರಣ ಚರಿತ್ರೆಯಲ್ಲಿದೆ, ಅದನ್ನು ನಾವು ಮರೆತಿದ್ದೇವೆ. ಶತಮಾನಗಳ ಕಾಲ ಪಾಸ್ಖ ಜಾಗರಣೆ ರಾತ್ರಿ ನಡೆಯುತ್ತಲೇ ಇರಲಿಲ್ಲ. ಶನಿವಾರ ಬೆಳಿಗ್ಗೆ, ಹಾಡುಹಗಲಲ್ಲಿ, ಲತೀನಿನಲ್ಲಿ, ಹೆಚ್ಚುಕಡಿಮೆ ಖಾಲಿ ದೇವಾಲಯದಲ್ಲಿ ಗುರುಗಳು ಅದನ್ನು ಮುಗಿಸುತ್ತಿದ್ದರು. ಉಪವಾಸವೂ ಆ ಶನಿವಾರ ಮಧ್ಯಾಹ್ನಕ್ಕೇ ಮುಗಿಯುತ್ತಿತ್ತು. ಕಿಟಕಿಯಿಂದ ಸೂರ್ಯನ ಬೆಳಕು ಬೀಳುತ್ತಿರುವಾಗ ಮೇಣದ ದೀಪ ಹಚ್ಚಿ ಇದು ಕತ್ತಲನ್ನು ಗೆದ್ದ ಬೆಳಕು ಎಂದು ಹಾಡಿದರೆ ಯಾರ ಎದೆಗೆ ಮುಟ್ಟೀತು? ಶಿಲುಬೆಹಾದಿ, ಪಾಡುಗಳ ಆಟ, ಶೋಕದ ಹಾಡು ಇವೆಲ್ಲ ಗುಡಿಯ ಹೊರಗೆ, ಅಂಗಳದಲ್ಲಿ, ಕನ್ನಡದಲ್ಲಿ ಬೆಳೆದವು. ಜನ ತಮಗೆ ಅರ್ಥವಾದ ದಿನವನ್ನು ಅಪ್ಪಿಕೊಂಡರು. ಪೋಪ್ ಹನ್ನೆರಡನೆಯ ಪಿಯುಸರು 1951ರಲ್ಲಿ ಪ್ರಯೋಗವಾಗಿ, 1955ರ ಆಜ್ಞೆಯಿಂದ ಕಡ್ಡಾಯವಾಗಿ ಜಾಗರಣೆಯನ್ನು ಮತ್ತೆ ರಾತ್ರಿಗೆ ತಂದರು. ಎರಡನೆಯ ವತಿಕಾನ್ ಮಹಾಸಭೆ 1963ರಲ್ಲಿ ಆರಾಧನಾವಿಧಿಯಲ್ಲಿ ದೇಶಭಾಷೆಗಳಿಗೆ ಬಾಗಿಲು ತೆರೆಯಿತು. ಹಾಗೆ ನೋಡಿದರೆ ಈ ರಾತ್ರಿ ಕನ್ನಡದ ಜನಕ್ಕೆ ಸಿಕ್ಕಿ ಇನ್ನೂ ನಾಲ್ಕು ತಲೆಮಾರೂ ಕಳೆದಿಲ್ಲ.

ಆ ರಾತ್ರಿ ಏನು ನಡೆಯುತ್ತದೆಂದು ನೋಡಿ. ದೇವಾಲಯದ ದೀಪಗಳೆಲ್ಲ ಆರಿರುತ್ತವೆ. ಅಂಗಳದಲ್ಲಿ ಹೊಸ ಬೆಂಕಿ ಹೊತ್ತಿಸುತ್ತಾರೆ. ಎದೆಯೆತ್ತರದ ಪಾಸ್ಖ ಮೇಣದಬತ್ತಿಯ ಮೇಲೆ ಗುರುಗಳು ಶಿಲುಬೆ ಗೀರಿ, ಆ ವರ್ಷದ ನಾಲ್ಕು ಅಂಕಿಗಳನ್ನು ಕೆತ್ತಿ, ಐದು ಗಾಯಗಳ ನೆನಪಿಗೆ ಐದು ಧೂಪದ ಕಾಳುಗಳನ್ನು ಚುಚ್ಚುತ್ತಾರೆ. ಆ ದೀಪ ಮುಂದೆ, ಜನ ಹಿಂದೆ. ಅದರಿಂದ ಒಬ್ಬರು ಹಚ್ಚಿಕೊಂಡು ಪಕ್ಕದವರಿಗೆ ದಾಟಿಸುತ್ತಾರೆ. ಗಾಳಿಗೆ ಆರಿದರೆ ಹಿಂದಿನವರೇ ಮುಂದೆ ಬಾಗಿ ಹಚ್ಚಿಕೊಡುತ್ತಾರೆ. ಸೃಷ್ಟಿಯಿಂದ ಆರಂಭಿಸಿ ಕೆಂಪು ಸಮುದ್ರವನ್ನು ದಾಟುವವರೆಗೆ, ಪ್ರವಾದಿಗಳವರೆಗೆ ಹಳೆಯ ಒಡಂಬಡಿಕೆಯ ವಾಚನಗಳು ಒಂದಾದ ಮೇಲೊಂದು ಆ ಮಬ್ಬಿನಲ್ಲಿ ಕೇಳುತ್ತವೆ. ಆಮೇಲೆ ಮಹಿಮೆಯ ಗೀತೆ ಎದ್ದಾಗ ಗುರುವಾರದಿಂದ ಮೂಕವಾಗಿದ್ದ ಗಂಟೆಗಳೆಲ್ಲ ಒಮ್ಮೆಲೇ ಮೊಳಗುತ್ತವೆ. ತಪಸ್ಸುಕಾಲದುದ್ದಕ್ಕೂ ಬಾಯಿಗೆ ಬಾರದ ಅಲ್ಲೆಲೂಯ ಮತ್ತೆ ಬರುತ್ತದೆ. ಹೊಸ ನೀರನ್ನು ಮಂತ್ರಿಸಿ, ಮಗುವಾಗಿದ್ದಾಗ ತಂದೆತಾಯಿ ನಮ್ಮ ಪರವಾಗಿ ಕೊಟ್ಟ ದೀಕ್ಷಾಸ್ನಾನದ ವಾಗ್ದಾನವನ್ನು ನಾವೇ ನಿಂತು ಮತ್ತೆ ಹೇಳುತ್ತೇವೆ.

ಅಲ್ಲಿ ಸೇರುವ ವಯಸ್ಸಾದ ಹೆಂಗಸರನ್ನು ನೋಡುವಾಗ ಮಗ್ದಲದ ಮರಿಯಳನ್ನು ನೆನೆಯುತ್ತೇನೆ. ಯೇಸುವಿನ ಸಮಾಧಿಯ ಬಳಿಗೆ ಕತ್ತಲಿರುವಾಗಲೇ ಹೋದವಳು ಅವಳು. ಆಗಲೂ ದೊಡ್ಡ ಗುಂಪಿರಲಿಲ್ಲ. ಅವಳ ಸ್ಮರಣೆಯ ಜುಲೈ 22ನ್ನು ಪ್ರೇಷಿತರ ಹಬ್ಬಗಳ ಸಾಲಿಗೆ ಏರಿಸಿದ್ದು ಮತ್ತದೇ 2016ರಲ್ಲಿ, ಪೋಪ್ ಫ್ರಾನ್ಸಿಸರು. ಅವರು ಕೊನೆಯ ಬಾರಿ ಜನರ ಮುಂದೆ ಬಂದದ್ದು 2025ರ ಏಪ್ರಿಲ್ 20ರಂದು, ಪಾಸ್ಖ ಹಬ್ಬದ ಆಶೀರ್ವಾದ ಕೊಡಲು. ಮರುದಿನ ಬೆಳಿಗ್ಗೆ ತೀರಿಕೊಂಡರು. ಸುದ್ದಿ ಕೇಳಿದ ನಮ್ಮೂರಿನ ಹಿರಿಯರೊಬ್ಬರು, “ಹಬ್ಬ ಮಾಡಿಸಿಯೇ ಹೋದರಲ್ಲಪ್ಪ” ಎಂದರು. ಅದಕ್ಕಿಂತ ಸರಿಯಾದ ಮಾತು ನನಗೆ ಬೇರೆ ಸಿಕ್ಕಿಲ್ಲ.

ಶುಕ್ರವಾರ ಬರುವ ಜನ ಕಡಿಮೆಯಾಗಲಿ ಎಂದು ನಾನು ಹೇಳುತ್ತಿಲ್ಲ. ಆ ಕಣ್ಣೀರು ದೊಡ್ಡದು, ಆ ಗಂಜಿ ದೊಡ್ಡದು. ಆದರೆ ಕತೆಯನ್ನು ಸಮಾಧಿಯ ಬಂಡೆಯವರೆಗೆ ಕೇಳಿ ಎದ್ದುಹೋದರೆ ನಮ್ಮ ಮಕ್ಕಳ ನೆನಪಿನಲ್ಲಿ ಉಳಿಯುವ ದೇವರು ಶಿಲುಬೆಯ ಮೇಲೇ ಉಳಿಯುತ್ತಾನೆ. ಊರಿಗೆ ಬಂದವರೇ, ಇನ್ನೊಂದು ದಿನ ನಿಲ್ಲಿ. ಭಾನುವಾರ ಸಂಜೆಯ ಬಸ್ಸಿಗೆ ಟಿಕೆಟ್ ಮಾಡಿಸಿ. ಶನಿವಾರ ರಾತ್ರಿ ಮಕ್ಕಳಿಗೆ ನಿದ್ದೆ ಬಂದರೆ ಬೆಂಚಿನ ಮೇಲೇ ಮಲಗಿಸಿ, ಗಂಟೆ ಬಾರಿಸುವಾಗ ಎಬ್ಬಿಸಿ. ಮಂತ್ರಿಸಿದ ನೀರಿಗೆ ಒಂದು ಸೀಸೆ ತನ್ನಿ. ಜಾಗರಣೆಗೆ ಬರಲಾಗದೆ ಹಾಸಿಗೆ ಹಿಡಿದವರ ಮನೆಗೆ ಮರುದಿನ ಅದನ್ನು ಒಯ್ಯಿರಿ, ಅಲ್ಲಿ ಒಂದು ಗಳಿಗೆ ಕೂತು ಬನ್ನಿ. ಅದಕ್ಕೆ ಆ ಭಾನುವಾರವೇ ಆಗಬೇಕೆಂದಿಲ್ಲ. ತಪಸ್ಸುಕಾಲ 40 ದಿನವಾದರೆ ಪಾಸ್ಖ ಕಾಲ ಪೆಂತೆಕೋಸ್ತ್ ಹಬ್ಬದವರೆಗೆ 50 ದಿನ.